ಗುಂಡು ಹಾರಿದ ಮೇಲೆ ಫಿರಂಗಿ ಎಲ್ಲಿಗೆ ಹೋಗಬೇಕು?

ಪ್ರಶ್ನೆ: ಸರ್, ನಾನು ಎಚ್‌ಎಂಎಸ್ ಟ್ರಿಂಕೋಮಲೀ ಎಂಬ ಹಾಯಿ ಹಡಗಿನ ಮರದ ಮಾದರಿ ಕಟ್ಟುತ್ತಿದ್ದೇನೆ. 1:64 ಅಳತೆ. ಕಿಟ್ ಅಲ್ಲ, ಪ್ಲಾನ್ ನೋಡಿಕೊಂಡು ನಾನೇ ಮಾಡುತ್ತಿರುವುದು. ಮುಖ್ಯ ಡೆಕ್ಕಿನ 28 ಫಿರಂಗಿಗಳು ಗಾಡಿ ಸಮೇತ ತಯಾರಾಗಿವೆ. ಎರಡಕ್ಕೆ ಹಗ್ಗ ಕಟ್ಟಿ ನೋಡಿದೆ. ಮೂರು ಸಂಜೆ ಹಿಡಿಯಿತು, ಆದರೂ ಚೆನ್ನಾಗಿ ಬಂದಿಲ್ಲ. 18 ಪೌಂಡ್ ಫಿರಂಗಿಯ ಬುಡಕ್ಕೆ 6 ಇಂಚಿನ ಹಗ್ಗ ಅಂತ ಓದಿದ್ದೆ. ಲೆಕ್ಕ ಹಾಕಿದರೆ 2.4 ಮಿ.ಮೀ. ಬಂತು. ವಿಪರೀತ ಅನ್ನಿಸಿ 1.5 ಮಿ.ಮೀ. ಹಾಕಿದೆ. ಅದೂ ಹೆಬ್ಬಾವಿನ ಹಾಗೆ ಕಾಣುತ್ತದೆ. ಡೆಕ್ ಮೇಲೆ ಮಲಗುವುದೇ ಇಲ್ಲ, ಬಳೆಯ ಹಾಗೆ ಗಾಳಿಯಲ್ಲಿ ನಿಲ್ಲುತ್ತದೆ. ಪಕ್ಕದ ರಾಟೆಗಳು 5 ಮಿ.ಮೀ.ನವು. ಅವು ಒಂದಕ್ಕೊಂದು ತಾಗಿ ನಡುವೆ ಹಗ್ಗವೇ ಕಾಣುವುದಿಲ್ಲ. ಸೂಪರ್ ಗ್ಲೂ ಮುಟ್ಟಿದ ಕಡೆಯೆಲ್ಲ ಬಿಳಿ ಬಂದಿದೆ. 28ಕ್ಕೂ ಪೂರ್ತಿ ಕಟ್ಟಲೇಬೇಕಾ? ಮನೆಯಲ್ಲಿ "ಇದು ಮುಗಿಯೋದು ಯಾವಾಗ" ಅಂತ ಕೇಳೋಕೆ ಶುರು ಮಾಡಿದ್ದಾರೆ.

ಉತ್ತರ: ಮೊದಲು ಹೆಬ್ಬಾವನ್ನು ಓಡಿಸೋಣ. ನೀವು ಓದಿದ್ದು ಸರಿ, ಲೆಕ್ಕವೂ ಸರಿ. ಆದರೆ ಆ ಕಾಲದ ಹಡಗಿನವರು ಹಗ್ಗವನ್ನು ಅಳೆಯುತ್ತಿದ್ದದ್ದು ಸುತ್ತಳತೆಯಲ್ಲಿ. 6 ಇಂಚಿನ ಹಗ್ಗ ಅಂದರೆ ಅದರ ಸುತ್ತ ದಾರ ಹಿಡಿದರೆ 6 ಇಂಚು. ದಪ್ಪ ಬೇಕಾದರೆ 3.14ರಿಂದ ಭಾಗಿಸಬೇಕು. 6 ಇಂಚು ಅಂದರೆ 152 ಮಿ.ಮೀ. ಅದನ್ನು ಭಾಗಿಸಿದರೆ 48.5 ಮಿ.ಮೀ. ಅದನ್ನು 64ರಿಂದ ಭಾಗಿಸಿದರೆ 0.76 ಮಿ.ಮೀ. ನೀವು ಹಾಕಿರುವುದು ಅದರ ಎರಡು ಪಟ್ಟು. ಅನುಮಾನ ಬಂದು ದಪ್ಪ ಇಳಿಸಿದಿರಲ್ಲ, ಅಷ್ಟರ ಮಟ್ಟಿಗೆ ನಿಮ್ಮ ಕಣ್ಣು ಚೆನ್ನಾಗಿದೆ.

ಈ ತಪ್ಪನ್ನು ನಾನೂ ಮಾಡಿದ್ದೇನೆ. ನನ್ನ ಮೊದಲ ಹಡಗಿನ ಫಿರಂಗಿಗಳನ್ನು ನೋಡಿದ ಪಕ್ಕದ ಮನೆಯ ಹುಡುಗ "ಅಂಕಲ್, ಇದು ನೀರಿನ ಪೈಪಾ?" ಅಂತ ಕೇಳಿದ್ದ.

ಪಕ್ಕದ ರಾಟೆಗಳಲ್ಲಿ ಓಡುವ ಹಗ್ಗಕ್ಕೂ ಇದೇ ಲೆಕ್ಕ. ನಿಮ್ಮ ಫಿರಂಗಿಗೆ ಎರಡೂವರೆ ಇಂಚು ಸುತ್ತಳತೆ ಅಂತ ಇಟ್ಟುಕೊಂಡರೆ 0.32 ಮಿ.ಮೀ. ಬರುತ್ತದೆ. ಅಂಗಡಿಯಲ್ಲಿ 0.3 ಸಿಕ್ಕರೆ ಸಾಕು. ಇಲ್ಲಿ ದಪ್ಪದ ಕಡೆ ತಪ್ಪುವುದಕ್ಕಿಂತ ತೆಳ್ಳಗಿನ ಕಡೆ ತಪ್ಪುವುದು ವಾಸಿ.

ಈಗ ರಾಟೆ. ನಾರಿನ ಹಗ್ಗಕ್ಕೆ ರಾಟೆ ಆರಿಸಲು ಹಳೆಯದೊಂದು ಲೆಕ್ಕ ಇದೆ. ಹಗ್ಗದ ಸುತ್ತಳತೆ ಎಷ್ಟೋ ಅದರ ಮೂರು ಪಟ್ಟು ರಾಟೆಯ ಉದ್ದ. ಎರಡೂವರೆ ಇಂಚಿನ ಹಗ್ಗಕ್ಕೆ ಏಳೂವರೆ ಇಂಚಿನ ರಾಟೆ. 1:64ರಲ್ಲಿ ಅದು ಸರಿಯಾಗಿ 3 ಮಿ.ಮೀ. ನಿಮ್ಮ 5 ಮಿ.ಮೀ. ರಾಟೆಯನ್ನು ನಿಜವಾದ ಅಳತೆಗೆ ಹಿಗ್ಗಿಸಿದರೆ 32 ಸೆಂ.ಮೀ. ಆಗುತ್ತದೆ. ಅದು ಫಿರಂಗಿ ಎಳೆಯುವ ರಾಟೆ ಅಲ್ಲ, ಹಾಯಿಗೆ ಹಾಕುವ ರಾಟೆ. ಹಡಗಿನ ಗೋಡೆಯ ಕೊಂಡಿಯಿಂದ ಗಾಡಿಯ ಕೊಂಡಿಗೆ ನಿಮಗೆ ಸಿಗುವ ಜಾಗ ಹೆಚ್ಚೆಂದರೆ 18-20 ಮಿ.ಮೀ. ಅದರಲ್ಲಿ ಎರಡು ಕೊಕ್ಕೆಗೆ 4 ಮಿ.ಮೀ. ಹೋಯಿತು. 5 ಮಿ.ಮೀ. ರಾಟೆ ಎರಡು ಹಾಕಿದರೆ ಇನ್ನೂ 10 ಹೋಯಿತು. ಕಟ್ಟುಗಳಿಗೆ ಒಂದಿಷ್ಟು ಹೋದರೆ ಹಗ್ಗಕ್ಕೆ ಉಳಿಯುವುದೇನು? 3 ಮಿ.ಮೀ. ರಾಟೆ ಹಾಕಿ ನೋಡಿ, ಒಂದೇ ಏಟಿಗೆ ಅರ್ಧ ಸಮಸ್ಯೆ ಹೋಗುತ್ತದೆ.

3 ಮಿ.ಮೀ. ರಾಟೆ ಕೊಳ್ಳಲು ಸಿಗುತ್ತದೆ. ಮಾಡಿಕೊಳ್ಳುವ ಹುಮ್ಮಸ್ಸಿದ್ದರೆ ತೇಗದ ಗೋಜಿಗೆ ಹೋಗಬೇಡಿ. ಟ್ರಿಂಕೋಮಲೀ ತೇಗದ ಹಡಗು ಅನ್ನೋ ಪ್ರೀತಿಗೆ ಮಾದರಿಯನ್ನೂ ತೇಗದಲ್ಲೇ ಮಾಡಬೇಕು ಅಂತ ಹಲವರಿಗೆ ಆಸೆ. ಆದರೆ ತೇಗದ ಎಳೆ ಒರಟು, ರಂಧ್ರಗಳು ದೊಡ್ಡವು. 3 ಮಿ.ಮೀ. ತುಂಡಿನಲ್ಲಿ ತೂತು ಕೊರೆದರೆ ಸೀಳಿ ಹೋಗುತ್ತದೆ. ಚನ್ನಪಟ್ಟಣದ ಗೊಂಬೆಗೆ ಬಳಸುವ ಹಾಲೆ ಮರ ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಎಳೆ ಒತ್ತಾಗಿರುತ್ತದೆ, ಬಿಳಿಯಾಗಿರುತ್ತದೆ, ಬಣ್ಣವನ್ನೂ ಚೆನ್ನಾಗಿ ಹಿಡಿಯುತ್ತದೆ. ನನ್ನ ಗಾಡಿಗಳೆಲ್ಲ ಅದರವೇ.

ಇನ್ನು "ಬಳೆಯ ಹಾಗೆ ನಿಲ್ಲುತ್ತದೆ" ಅಂದಿರಲ್ಲ, ನಿಮ್ಮ ಪತ್ರದಲ್ಲಿ ಮುಖ್ಯವಾದದ್ದು ಅದೇ. ಅದು ಬರೀ ಅಂಟಿನ ಸಮಸ್ಯೆ ಅಲ್ಲ. ಆ ಹಗ್ಗ ಅಲ್ಲಿ ಯಾಕಿದೆ ಅನ್ನೋದು ಗೊತ್ತಾದರೆ ಅದು ಹೇಗೆ ಬೀಳಬೇಕು ಅನ್ನೋದು ತಾನಾಗಿ ಗೊತ್ತಾಗುತ್ತದೆ.

18 ಪೌಂಡ್ ಫಿರಂಗಿ ಅಂದರೆ ಗುಂಡಿನ ತೂಕ 18 ಪೌಂಡ್, ಸುಮಾರು 8 ಕಿಲೊ. ಫಿರಂಗಿಯದ್ದು ಗಾಡಿಯೂ ಸೇರಿ ಎರಡು ಟನ್‌ಗೂ ಜಾಸ್ತಿ. ಗುಂಡು ಮುಂದಕ್ಕೆ ಹಾರಿದಾಗ ಈ ಎರಡು ಟನ್ ಹಿಂದಕ್ಕೆ ನುಗ್ಗುತ್ತದೆ. ನುಗ್ಗಲೂ ಬೇಕು. ಯಾಕೆಂದರೆ ಮದ್ದು, ಗುಂಡು ಎರಡನ್ನೂ ಮೂತಿಯ ಕಡೆಯಿಂದಲೇ ತುಂಬಬೇಕು. ಮೂತಿ ಹಡಗಿನ ಗೋಡೆಯ ಕಿಂಡಿಯಿಂದ ಹೊರಗಿದ್ದರೆ ತುಂಬುವವನು ಸಮುದ್ರದ ಮೇಲೆ ನಿಲ್ಲಬೇಕಾಗುತ್ತದೆ! ಹಾಗಾಗಿ ಫಿರಂಗಿ ಹಿಂದಕ್ಕೆ ಬಂದು, ಮೂತಿ ಕಿಂಡಿಯ ಒಳಗೆ ಒಂದೆರಡು ಅಡಿ ಸರಿದಾಗ ಟಕ್ಕನೆ ನಿಲ್ಲಬೇಕು. ನಿಲ್ಲಿಸುವುದು ಈ ದಪ್ಪ ಹಗ್ಗ. ಇದಕ್ಕೆ ಬ್ರೀಚ್ ಹಗ್ಗ ಅನ್ನುತ್ತಾರೆ. ಕಿಂಡಿಯ ಒಂದು ಪಕ್ಕದ ಉಂಗುರದಿಂದ ಹೊರಟು, ಗಾಡಿಯ ಪಕ್ಕದ ಉಂಗುರದಲ್ಲಿ ತೂರಿ, ಫಿರಂಗಿಯ ಬುಡ ಸುತ್ತಿ, ಆಚೆ ಪಕ್ಕ ಹೀಗೇ ಹೋಗಿ ಗೋಡೆ ಸೇರುತ್ತದೆ. ಕರುವನ್ನು ಗೂಟಕ್ಕೆ ಕಟ್ಟಿದ ಹಾಗೆ. ಕರು ಗೂಟದ ಹತ್ತಿರ ಇದ್ದಾಗ ಹಗ್ಗ ನೆಲದ ಮೇಲೆ ಬಿದ್ದಿರುತ್ತದೆ. ಓಡಿ ಕೊನೆ ಮುಟ್ಟಿದಾಗ ಮಾತ್ರ ಬಿಗಿಯಾಗುತ್ತದೆ.

ಪಕ್ಕದ ಎರಡು ಟ್ಯಾಕಲ್‌ಗಳ, ಅಂದರೆ ರಾಟೆ-ಹಗ್ಗದ ಜೋಡಣೆಗಳ, ಕೆಲಸ ಇದರ ಉಲ್ಟಾ. ತುಂಬಿದ ಮೇಲೆ ಆಳುಗಳು ಅವನ್ನು ಎಳೆದು ಫಿರಂಗಿಯನ್ನು ಮತ್ತೆ ಕಿಂಡಿಗೆ ತಳ್ಳುತ್ತಾರೆ. ಅಂದರೆ ಫಿರಂಗಿ ಹೊರಗೆ ಚಾಚಿದ್ದರೆ ಬ್ರೀಚ್ ಹಗ್ಗ ಸಡಿಲ, ಪಕ್ಕದ ರಾಟೆಗಳು ಹತ್ತಿರ ಹತ್ತಿರ. ಫಿರಂಗಿ ಒಳಗೆ ಬಂದಿದ್ದರೆ ಬ್ರೀಚ್ ಹಗ್ಗ ಬಿಗಿ, ರಾಟೆಗಳು ದೂರ ದೂರ. ಮಾದರಿ ಹಡಗುಗಳಲ್ಲಿ ನಾನು ಜಾಸ್ತಿ ನೋಡುವ ತಪ್ಪು ಅಂದರೆ ಫಿರಂಗಿ ಪೂರ್ತಿ ಹೊರಗೆ, ಬ್ರೀಚ್ ಹಗ್ಗ ತಂತಿ ಹಾಗೆ ಬಿಗಿ. ಆ ಫಿರಂಗಿ ಹಾರಿಸಿದರೆ ಒಂದಿಂಚೂ ಹಿಂದೆ ಸರಿಯಲಾರದು. ಗೋಡೆಯ ಉಂಗುರವೇ ಕಿತ್ತು ಬರುತ್ತದೆ. ಒಳ್ಳೊಳ್ಳೆ ಕೈಗಳೂ ಇಲ್ಲಿ ಎಡವುತ್ತವೆ, ಯಾಕೆಂದರೆ ಬಿಗಿಯಾಗಿ ಕಟ್ಟಿದ್ದು ನೀಟಾಗಿ ಕಾಣುತ್ತದೆ.

ಮೂರನೆಯ ಸ್ಥಿತಿಯೂ ಒಂದಿದೆ. ಯುದ್ಧ ಇಲ್ಲದಾಗ, ಸಮುದ್ರ ಒರಟಾಗಿದ್ದಾಗ, ಫಿರಂಗಿಯನ್ನು ಒಳಗೆಳೆದು, ಬುಡ ತಗ್ಗಿಸಿ, ಮೂತಿಯನ್ನು ಕಿಂಡಿಯ ಮೇಲಂಚಿಗೆ ಒರಗಿಸಿ ಬಿಗಿದು ಕಟ್ಟಿಡುತ್ತಿದ್ದರು. ಮಾದರಿಯಲ್ಲಿ ಒಂದೆರಡನ್ನು ಹೀಗೆ ತೋರಿಸಿದರೆ ಚೆಂದ. ಆದರೆ ಇಡೀ ಸಾಲು ಹೊರಗೆ ಚಾಚಿರುವಾಗ ನಡುವೆ ಒಂದು ಮಾತ್ರ ಮಲಗಿದ್ದರೆ ಬೇರೆ ಅರ್ಥ ಬರುತ್ತದೆ. ಒಂದು ಕ್ಷಣ ಆರಿಸಿಕೊಳ್ಳಿ, ಎಲ್ಲವೂ ಆ ಕ್ಷಣಕ್ಕೆ ಹೊಂದಲಿ. ನಿಮ್ಮವು ಹೊರಗೆ ಚಾಚಿವೆ ಅಂದುಕೊಂಡು ಮುಂದೆ ಹೇಳುತ್ತೇನೆ.

ಬ್ರೀಚ್ ಹಗ್ಗದ ಉದ್ದಕ್ಕೆ ಒಂದು ಅಂದಾಜು ಇದೆ: ಕೊಳವೆಯ ಉದ್ದದ ಮೂರು ಪಟ್ಟು. 8 ಅಡಿ ಕೊಳವೆಗೆ 24 ಅಡಿ. ನಿಮ್ಮ ಅಳತೆಯಲ್ಲಿ ಹನ್ನೊಂದೂವರೆ ಸೆಂ.ಮೀ. ಎರಡು ಕೊನೆಯ ಕಟ್ಟಿಗೂ ಸೇರಿಸಿ 15 ಸೆಂ.ಮೀ. ಕತ್ತರಿಸಿಕೊಳ್ಳಿ. ಇಷ್ಟುದ್ದದ ಹಗ್ಗ ನಿಮ್ಮ ಫಿರಂಗಿಯ ಹಿಂದೆ ಹೇಗೆ ಬೀಳುತ್ತದೆ? ಬುಡದಿಂದ ಎರಡೂ ಕಡೆ ಕೆಳಗಿಳಿದು, ಗಾಡಿಯ ಪಕ್ಕ ಡೆಕ್ ಮೇಲೆ ಒಂದು ಸುತ್ತು ಮಲಗಿ, ಮತ್ತೆ ಗೋಡೆಗೆ ಏರಬೇಕು. ನಿಜವಾದ ಹಗ್ಗ ತನ್ನ ಭಾರಕ್ಕೆ ತಾನೇ ಬೀಳುತ್ತದೆ. ನಮ್ಮ ದಾರಕ್ಕೆ ಭಾರವೇ ಇಲ್ಲ. ಹಾಗಾಗಿ ಆ ಭಾರವನ್ನು ನಾವು ಸುಳ್ಳು ಸುಳ್ಳೇ ತೋರಿಸಬೇಕು.

ನಾನು ಮಾಡುವುದು ಹೀಗೆ. ಒಂದು ಥರ್ಮೋಕೋಲ್ ತುಂಡಿನ ಮೇಲೆ ಫಿರಂಗಿಯ ಮೇಲ್ನೋಟದ ಚಿತ್ರ ಅಂಟಿಸಿ, ಅದರ ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಹಾಸುತ್ತೇನೆ. ಹಗ್ಗ ಬೀಳಬೇಕಾದ ದಾರಿಯುದ್ದಕ್ಕೂ ಗುಂಡುಸೂಜಿ ಚುಚ್ಚುತ್ತೇನೆ. ಒಂದು ಪಾಲು ಫೆವಿಕಾಲ್‌ಗೆ ಮೂರು ಪಾಲು ನೀರು ಬೆರೆಸಿ, ಹಗ್ಗವನ್ನು ಅದರಲ್ಲಿ ಅದ್ದಿ, ಬೆರಳಲ್ಲಿ ಹಿಂಡಿ, ಸೂಜಿಗಳ ನಡುವೆ ಕೂರಿಸುತ್ತೇನೆ. ಡೆಕ್ ಮುಟ್ಟಬೇಕಾದ ಕಡೆ ಒಂದು ಹಳೇ ನಟ್ಟನ್ನು ಭಾರವಾಗಿ ಇಡುತ್ತೇನೆ. ರಾತ್ರಿ ಒಣಗಲಿ. ಬೆಳಿಗ್ಗೆ ಎತ್ತಿದರೆ ಆಕಾರ ಹಾಗೇ ಇರುತ್ತದೆ, ಆದರೆ ಕಡ್ಡಿಯ ಹಾಗೆ ಸೆಟೆದಿರುವುದಿಲ್ಲ. ಸೂಪರ್ ಗ್ಲೂ ಹಾಕಿದರೆ ಸೆಟೆಯುತ್ತದೆ, ಅದೇ ನಿಮ್ಮ ಬಳೆ. ಹಡಗಿಗೆ ಇಟ್ಟ ಮೇಲೆ ಒದ್ದೆ ಬ್ರಷ್ ತಾಗಿಸಿದರೆ ಮತ್ತೆ ಸ್ವಲ್ಪ ಮೆತ್ತಗಾಗುತ್ತದೆ, ಹಲ್ಲುಕಡ್ಡಿಯಿಂದ ಒತ್ತಿ ಸರಿಪಡಿಸಬಹುದು.

ಒಂದು ಎಚ್ಚರಿಕೆ. ದಾರದ ತುಪ್ಪಟ ಕೂರಿಸಲು ಜೇನುಮೇಣ ಉಜ್ಜಿ ಅಂತ ಎಲ್ಲರೂ ಹೇಳುತ್ತಾರೆ. ಟ್ಯಾಕಲ್ ಹಗ್ಗಕ್ಕೆ ಉಜ್ಜಿ. ಬ್ರೀಚ್ ಹಗ್ಗಕ್ಕೆ ಬೇಡ. ಮೇಣ ಹತ್ತಿದ ದಾರ ಫೆವಿಕಾಲ್ ನೀರನ್ನು ಕುಡಿಯುವುದಿಲ್ಲ, ಕೆಸುವಿನ ಎಲೆ ಮೇಲಿನ ನೀರಿನ ಹಾಗೆ ಜಾರಿಬಿಡುತ್ತದೆ.

ಬಿಳಿ ಕಲೆಗೆ ಕಾರಣ ಆ ಅಂಟಿನ ಆವಿ. ಗಾಳಿಯಲ್ಲಿ ತೇವ ಇದ್ದಷ್ಟೂ ಜಾಸ್ತಿ. ಕರಾವಳಿಯ ಮಳೆಗಾಲದಲ್ಲಂತೂ ಕೇಳಲೇಬೇಡಿ. ಈಗಾಗಲೇ ಬಂದಿರುವ ಕಡೆ ಹೊಳಪಿಲ್ಲದ ವಾರ್ನಿಷ್ ಒಂದು ಹನಿ ತಾಗಿಸಿ, ಬಹುಮಟ್ಟಿಗೆ ಮರೆಯಾಗುತ್ತದೆ. ಮುಂದೆ ಸೂಪರ್ ಗ್ಲೂವನ್ನು ಗಂಟಿನ ಕೊನೆ ಭದ್ರ ಮಾಡಲು ಮಾತ್ರ, ಅದೂ ಸೂಜಿಯ ತುದಿಯಲ್ಲಿ ಬಳಸಿ.

ಬುಡದಲ್ಲಿ ಹಗ್ಗ ಹೇಗೆ ಹಿಡಿದಿರುತ್ತದೆ ಅನ್ನೋದು ಹಡಗಿನ ಕಾಲದ ಮೇಲೆ ಹೋಗುತ್ತದೆ. ಇದನ್ನು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. 18ನೇ ಶತಮಾನದ ಬಹುಪಾಲು ಇಂಗ್ಲಿಷ್ ಫಿರಂಗಿಗಳ ಬುಡದಲ್ಲಿ ಒಂದು ಗುಂಡಿ (ಅಂಗಿಯ ಗುಂಡಿಯಂಥ ಉಬ್ಬು) ಮಾತ್ರ ಇರುತ್ತಿತ್ತು, ಹಗ್ಗವನ್ನು ಅದರ ಸುತ್ತ ಹಾಕುತ್ತಿದ್ದರು. 1780ರ ದಶಕದ ಕೊನೆಯ ಹೊತ್ತಿಗೆ ಥಾಮಸ್ ಬ್ಲೋಮ್‌ಫೀಲ್ಡ್ ಹೊಸ ನಮೂನೆ ರೂಪಿಸಿದರು. ಅದರಲ್ಲಿ ಗುಂಡಿಯ ಮೇಲೆ ಒಂದು ಬಳೆಯನ್ನೂ ಸೇರಿಸಿಯೇ ಎರಕ ಹೊಯ್ಯುತ್ತಿದ್ದರು. ಹಗ್ಗ ಆ ಬಳೆಯೊಳಗೆ ತೂರುತ್ತದೆ. ನಿಮ್ಮ ಹಡಗು 1817ರದು, ಹಾಗಾಗಿ ಬಳೆ ಬೇಕು. ಅಂಗಡಿಯಲ್ಲಿ ಕೊಂಡ ಕೊಳವೆಗಳಲ್ಲಿ ಅದು ಇರದಿದ್ದರೆ ತೆಳು ತಂತಿಯ ಉಂಗುರ ಅಂಟಿಸಿ. ಫ್ರೆಂಚರದ್ದು ಬೇರೆಯೇ ರೀತಿ. ಅವರಲ್ಲಿ ಹಗ್ಗ ಗಾಡಿಯ ಪಕ್ಕದ ಹಲಗೆಗಳಲ್ಲಿ ಕೊರೆದ ತೂತಿನ ಮೂಲಕವೇ ಹಾದು ಹೋಗುತ್ತಿತ್ತು. ಫೋಟೊ ನೋಡಿ ನಕಲು ಮಾಡುವಾಗ ಯಾವ ದೇಶದ ಹಡಗು ಅಂತ ಒಮ್ಮೆ ನೋಡಿಕೊಳ್ಳಿ.

ದೇಶದ ಮಾತು ಬಂದಾಗ ನಿಮ್ಮ ಹಡಗಿನ ಜಾತಕ ತಮಾಷೆಯಾಗಿದೆ. ಅದು ಸೇರಿದ ಲೀಡಾ ವರ್ಗದ ಹಡಗುಗಳ ಮೂಲ ನಕ್ಷೆ ಇಂಗ್ಲಿಷರು 1782ರಲ್ಲಿ ಸೆರೆಹಿಡಿದ ಎಬೆ ಎಂಬ ಫ್ರೆಂಚ್ ಹಡಗಿನದು. ಕಟ್ಟಿದ್ದು ಬಾಂಬೆಯಲ್ಲಿ, ಪಾರ್ಸಿಗಳಾದ ವಾಡಿಯಾ ಮನೆತನದವರು. ನೆಪೋಲಿಯನ್ ಯುದ್ಧಗಳಿಂದ ಇಂಗ್ಲೆಂಡಿನಲ್ಲಿ ಓಕ್ ಮರ ಸಾಲದಾಗಿತ್ತು, ಇಲ್ಲಿ ತೇಗ ಇತ್ತು. ಬಾಂಬೆಗೆ ನಕ್ಷೆ ಹೊತ್ತು ಬರುತ್ತಿದ್ದ ಎಚ್‌ಎಂಎಸ್ ಜಾವಾವನ್ನು 1812ರ ಡಿಸೆಂಬರ್‌ನಲ್ಲಿ ಅಮೆರಿಕದ ಕಾನ್‌ಸ್ಟಿಟ್ಯೂಷನ್ ಹಡಗು ಸೋಲಿಸಿತು. ನಕ್ಷೆಯೂ ಹೋಯಿತು, ಮತ್ತೊಂದು ಪ್ರತಿ ಬರುವವರೆಗೆ ಕಾಯಬೇಕಾಯಿತು. ಕೊನೆಗೆ ನೀರಿಗಿಳಿದದ್ದು 1817ರ ಅಕ್ಟೋಬರ್ 12ರಂದು. ಅಷ್ಟರಲ್ಲಿ ಯುದ್ಧವೇ ಮುಗಿದಿತ್ತು! ಇಂಗ್ಲೆಂಡಿಗೆ ಹೋಗಿ ದಶಕಗಳ ಕಾಲ ಸುಮ್ನೆ ನಿಂತಿತ್ತು. ತೇಗದ ಗಟ್ಟಿತನವೋ ಏನೋ, ಇವತ್ತಿಗೂ ಹಾರ್ಟಲ್‌ಪೂಲ್‌ನಲ್ಲಿ ತೇಲುತ್ತಿದೆ.

ಈ ಕಥೆ ನಿಮಗೆ ಬೇಕಾದದ್ದು ಬರೀ ಮಾತಿಗಲ್ಲ. 1817ರ ಲೆಕ್ಕದಲ್ಲಿ ಇದು 46 ಫಿರಂಗಿಯ ಹಡಗು. ಮುಖ್ಯ ಡೆಕ್‌ನಲ್ಲಿ 28, ಮೇಲೆ ಹಿಂಬದಿಯಲ್ಲಿ 32 ಪೌಂಡಿನ 14 ಕ್ಯಾರೊನೇಡ್ (ಗಿಡ್ಡ ಫಿರಂಗಿ), ಮುಂಬದಿಯಲ್ಲಿ ಇನ್ನೆರಡು ಕ್ಯಾರೊನೇಡ್ ಮತ್ತು 9 ಪೌಂಡಿನ ಎರಡು ಉದ್ದ ಫಿರಂಗಿ. 1847ರಲ್ಲಿ ಸೇವೆಗೆ ಹೊರಡುವ ಮುನ್ನ ಅದನ್ನು 26 ಫಿರಂಗಿಯ ಹಡಗಾಗಿ ಬದಲಾಯಿಸಿದರು, ಹಿಂಭಾಗದ ಆಕಾರವೂ ಬದಲಾಯಿತು. ನೀವು 28 ಅಂದಿದ್ದರಿಂದ 1817 ಅಂತ ತಿಳಿದಿದ್ದೇನೆ. ಹಿಂಭಾಗವೂ ಆ ಕಾಲದ್ದೇ ತಾನೇ? ಒಮ್ಮೆ ಪ್ಲಾನ್ ನೋಡಿ.

ಈಗ ನಿಮ್ಮ ದೊಡ್ಡ ಪ್ರಶ್ನೆ. 28ಕ್ಕೂ ಪೂರ್ತಿ ಕಟ್ಟಬೇಕಾ? ಬೇಡ.

ಪೂರ್ತಿ ಕಟ್ಟಿದರೆ ಏನೇನು ಬೇಕು ನೋಡಿ. ಫಿರಂಗಿಗೆ ಎರಡು ಟ್ಯಾಕಲ್, ಟ್ಯಾಕಲ್‌ಗೆ ಎರಡು ರಾಟೆ. 28ಕ್ಕೆ 112 ರಾಟೆ, 112 ಕೊಕ್ಕೆ. ಗೋಡೆ, ಗಾಡಿ, ಡೆಕ್ ಎಲ್ಲ ಸೇರಿ ಫಿರಂಗಿಗೆ ಸುಮಾರು ಹತ್ತು ಉಂಗುರ, ಕೊಂಡಿ. ಅಲ್ಲಿಗೆ 280. ಇದರಲ್ಲಿ ಕಣ್ಣಿಗೆ ಬೀಳುವುದೆಷ್ಟು? ಈ ಡೆಕ್ಕಿನ ಮೇಲೆ ಹಿಂದೆ ಮುಂದೆ ಇನ್ನೊಂದು ಡೆಕ್ ಇದೆ. ನಡುವೆ ಮಾತ್ರ ಬಯಲು. ಅಂದಾಜು ಸಾಲದು, ಪರೀಕ್ಷೆ ಮಾಡಿ. ಮೇಲಿನ ಡೆಕ್ಕನ್ನು ರಟ್ಟಿನಲ್ಲಿ ಕತ್ತರಿಸಿ ಹಡಗಿನ ಮೇಲಿಡಿ. ಹಡಗು ಕೊನೆಗೆ ಎಷ್ಟು ಎತ್ತರದಲ್ಲಿ ಇರುತ್ತದೋ ಅಷ್ಟೇ ಎತ್ತರಕ್ಕೆ ಇಟ್ಟು, ಸುತ್ತ ನಡೆದು, ಬಗ್ಗಿ, ಟಾರ್ಚ್ ಹಾಕಿ ನೋಡಿ. ಕಾಣುವ ಫಿರಂಗಿಗಳ ಪಕ್ಕ ಪೆನ್ಸಿಲ್ ಗುರುತು ಹಾಕಿ. ಪ್ರತಿ ಬದಿ ಐದೋ ಆರೋ ಸಿಗಬಹುದು. ಅವಕ್ಕೆ ಪೂರ್ತಿ ಕಟ್ಟಿ. ಉಳಿದವಕ್ಕೆ ಬ್ರೀಚ್ ಹಗ್ಗ ಒಂದೇ ಸಾಕು, ಇಣುಕಿದವರಿಗೆ ನೆರಳಿನಲ್ಲಿ ಅಷ್ಟೇ ಕಾಣುವುದು.

"ಕಾಣದಿದ್ದರೂ ಇರಬೇಕು" ಅನ್ನುವವರಿದ್ದಾರೆ. ಅವರ ಮಾತಿಗೆ ನನ್ನ ತಕರಾರಿಲ್ಲ. ಹೊಯ್ಸಳರ ಶಿಲ್ಪಿಗಳೂ ಯಾರೂ ನೋಡದ ಮೂಲೆಯಲ್ಲಿ ಕೆತ್ತಿದ್ದಾರೆ. ಆದರೆ ಆ ಹಟದಲ್ಲಿ ಅರ್ಧಕ್ಕೆ ನಿಂತ ಹಡಗುಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಉಳಿಸಿದ ಸಂಜೆಗಳನ್ನು ಮೇಲಿನ ಕ್ಯಾರೊನೇಡ್‌ಗಳಿಗೆ ಕೊಡಿ. ಹದಿನಾರೂ ಬಟಾಬಯಲಿನಲ್ಲಿ ನಿಂತಿರುತ್ತವೆ, ನೋಡುವವರ ಕಣ್ಣು ಮೊದಲು ಬೀಳುವುದು ಅಲ್ಲಿಗೇ. ಕ್ಯಾರೊನೇಡ್ ಗಿಡ್ಡ, ಹಗುರ. 32 ಪೌಂಡಿನದು 860 ಕಿಲೊ ಆಸುಪಾಸು. ಅದರ ಗಾಡಿ ಡೆಕ್ ಮೇಲೆ ಉರುಳಿಕೊಂಡು ಬರುವುದಿಲ್ಲ. ಕೆಳಗಿನ ಹಾಸು ನಿಂತಲ್ಲೇ ನಿಂತು, ಕೊಳವೆ ಹೊತ್ತ ಮೇಲಿನ ಹಾಸು ಮಾತ್ರ ಜಾರುತ್ತದೆ. ಹಾಗಾಗಿ ಅದರ ಬ್ರೀಚ್ ಹಗ್ಗ ಮೋಟು, ಡೆಕ್ ಮೇಲೆ ದೊಡ್ಡ ಸುತ್ತಾಗಿ ಮಲಗುವುದಿಲ್ಲ. ಉದ್ದ ಫಿರಂಗಿಯ ಲೆಕ್ಕವನ್ನು ಇದಕ್ಕೆ ಹಚ್ಚಬೇಡಿ.

ಮಾಡುವ ಕ್ರಮದ ಬಗ್ಗೆ. ಕಟ್ಟುವ ಕೆಲಸವನ್ನೆಲ್ಲ ಸಾಧ್ಯವಾದಷ್ಟು ಮೇಜಿನ ಮೇಲೆ ಮುಗಿಸಿ, ಹಡಗಿನೊಳಗೆ ಸಿಕ್ಕಿಸುವುದಷ್ಟೇ ಉಳಿಯಲಿ. ನಿಮ್ಮ ಮೂರು ಸಂಜೆ ಹೋದದ್ದು ಹಡಗಿನೊಳಗೆ ಚಿಮಟ ಹಿಡಿದು ದಾರ ಪೋಣಿಸಿದ್ದರಿಂದ ಅಂತ ನನ್ನ ಊಹೆ.

ಟ್ಯಾಕಲ್‌ಗೆ ಒಂದು ಮರದ ತುಂಡಿನ ಮೇಲೆ ಎರಡು ಮೊಳೆ ಹೊಡೆಯಿರಿ. ನಡುವಿನ ಅಂತರ ಹಡಗಿನಲ್ಲಿ ನೀವು ಅಳೆದ ಕೊಂಡಿಯಿಂದ ಕೊಂಡಿಯ ಅಂತರವೇ ಆಗಿರಲಿ. ಒಂದಕ್ಕೆ ಎರಡು ಗಾಲಿಯ ರಾಟೆ, ಇನ್ನೊಂದಕ್ಕೆ ಒಂದು ಗಾಲಿಯದು ಸಿಕ್ಕಿಸಿ. ಹಗ್ಗ ಒಂಟಿ ಗಾಲಿಯ ರಾಟೆಯ ಬಾಲದಿಂದ ಹೊರಟು ಜೋಡಿಗೆ ಹೋಗಿ, ಒಂಟಿಗೆ ಬಂದು, ಮತ್ತೆ ಜೋಡಿಗೆ ಹೋಗಿ ಹೊರಬರುತ್ತದೆ. ಜೋಡಿ ಗಾಲಿ ಇರುವುದು ಗೋಡೆಯ ಕಡೆ, ಒಂಟಿ ಗಾಡಿಯ ಕಡೆ. ಹೀಗೇ ಯಾಕೆ? ಆಳುಗಳು ನಿಲ್ಲುವುದು ಹಡಗಿನ ಒಳಭಾಗದಲ್ಲಿ. ಹಗ್ಗದ ತುದಿ ಗೋಡೆಯ ರಾಟೆಯಿಂದ ಹೊರಟು ಅವರ ಕೈಗೆ ಬಂದರೆ ತಾನೇ ಹಿಂದಕ್ಕೆ ಎಳೆದಾಗ ಫಿರಂಗಿ ಮುಂದಕ್ಕೆ ಹೋಗುವುದು? ಬಾವಿಯ ರಾಟೆಯ ಲೆಕ್ಕವೇ ಇದು.

ಹಗ್ಗದ ಕೊನೆಯನ್ನು ಉಂಗುರದಲ್ಲಿ ತೂರಿಸಿ, ಮಡಚಿ, ತೆಳು ದಾರದಲ್ಲಿ ಒತ್ತಾಗಿ ಸುತ್ತಬೇಕು. ಸೀರೆಗೆ ಕುಚ್ಚು ಕಟ್ಟುವವರ ಕೈ ನೋಡಿದ್ದೀರಾ? ಅದೇ ಸುತ್ತು, ಅದೇ ರೀತಿ ತುದಿಯನ್ನು ಒಳಗೆ ಎಳೆದುಕೊಳ್ಳುವುದು. ಗಂಟು ಹಾಕಬೇಡಿ, ಗಂಟು ದಪ್ಪ ಕಾಣುತ್ತದೆ. ಏಳೆಂಟು ಸುತ್ತು ಸಾಕು. ನಮ್ಮ ಮನೆಯಲ್ಲಿ ಈ ಕಟ್ಟುಗಳನ್ನು ನನಗಿಂತ ಚೆನ್ನಾಗಿ ಹಾಕುವುದು ನನ್ನ ಹೆಂಡತಿ. ಒಂದು ಸಲ ತೋರಿಸಿದೆ, ಎರಡನೇ ಸಲಕ್ಕೆ ನನ್ನನ್ನೇ ತಿದ್ದಿದಳು. ನಿಮ್ಮ ಮನೆಯವರ ಪ್ರಶ್ನೆಗೂ ಇದೊಂದು ಉತ್ತರ ಆಗಬಹುದು, ನೋಡಿ.

ಗೋಡೆಯ ಉಂಗುರಗಳನ್ನು ಬರೀ ಅಂಟಿನ ಮೇಲೆ ನಿಲ್ಲಿಸಬೇಡಿ. ಹಿಂದೊಮ್ಮೆ ನಾನು ಬೇಸಿಗೆಯಲ್ಲಿ ಹತ್ತಿ ದಾರದಿಂದ ಕಟ್ಟಿದ್ದೆ. ಮಳೆಗಾಲ ಬಂತು. ಹತ್ತಿಗೆ ತೇವ ತಾಗಿದರೆ ಉಬ್ಬಿ, ಉದ್ದದಲ್ಲಿ ಕುಗ್ಗುತ್ತದೆ. ಒಂದು ಬೆಳಿಗ್ಗೆ ನೋಡಿದರೆ ಎರಡು ಕೊಂಡಿ ಕಿತ್ತು ಬಂದು ನೇತಾಡುತ್ತಿದ್ದವು. ಉಂಗುರದ ಕಾಲು ಗೋಡೆಯೊಳಗೆ 3-4 ಮಿ.ಮೀ. ಇಳಿಯಲಿ, ಎಪಾಕ್ಸಿ ಹಾಕಿ. ಟ್ಯಾಕಲ್‌ಗೆ ಪಾಲಿಯೆಸ್ಟರ್ ದಾರ ಬಳಸಿದರೆ ಈ ಕಾಟ ಕಡಿಮೆ. ಹೊಳೆಯುತ್ತದೆ ಅನ್ನಿಸಿದರೆ ಹೊಳಪಿಲ್ಲದ ವಾರ್ನಿಷ್ ತೆಳುವಾಗಿ ಸವರಿ. ಬ್ರೀಚ್ ಹಗ್ಗ ಸಡಿಲವಾಗಿರುವುದರಿಂದ ಅದು ಹತ್ತಿಯದಾದರೆ ತೊಂದರೆ ಇಲ್ಲ, ಅಂಟು ನೀರನ್ನೂ ಚೆನ್ನಾಗಿ ಕುಡಿಯುತ್ತದೆ.

ಬಣ್ಣ ಅಚ್ಚ ಬಿಳಿ ಬೇಡ. ತೆಂಗಿನ ನಾರಿನ ಕಂದೂ ಬೇಡ, ಅದಕ್ಕಿಂತ ತಿಳಿಯಾಗಿರಲಿ. ಟೀ ಡಿಕಾಕ್ಷನ್‌ನಲ್ಲಿ ಅದ್ದುವ ಉಪಾಯ ಎಲ್ಲರಿಗೂ ಗೊತ್ತು. ಚೆನ್ನಾಗಿಯೇ ಬರುತ್ತದೆ, ಆದರೆ ಟೀಯ ಒಗರು ವರ್ಷಗಟ್ಟಲೆ ದಾರವನ್ನು ತಿನ್ನುತ್ತದೆ ಅನ್ನುವ ಭಯ ನನಗಿದೆ. ಬಣ್ಣ ಹಾಕಿದ ದಾರವನ್ನೇ ಕೊಳ್ಳುತ್ತೇನೆ. ಹಿತ್ತಾಳೆಯ ಕೊಕ್ಕೆ, ಉಂಗುರಗಳನ್ನು ಕಪ್ಪು ಮಾಡುವ ದ್ರಾವಣದಲ್ಲಿ ಅದ್ದುವ ಮುಂಚೆ ಹುಣಸೆಹಣ್ಣಿನ ನೀರಿನಲ್ಲಿ ಹತ್ತು ನಿಮಿಷ ಬಿಟ್ಟು ತೊಳೆಯಿರಿ. ಮೇಲಿನ ಕಿಲುಬು ಹೋಗದಿದ್ದರೆ ಕಪ್ಪು ತೇಪೆ ತೇಪೆಯಾಗಿ ಹಿಡಿಯುತ್ತದೆ.

ಎಳೆಯುವ ಹಗ್ಗದ ಉಳಿದ ತುದಿಯನ್ನು ಏನು ಮಾಡೋದು? ಜಾಸ್ತಿ ಜನ ಅದನ್ನು ಡೆಕ್ ಮೇಲೆ ಚಪ್ಪಟೆಯಾಗಿ, ಸಿಂಬಿಯ ಹಾಗೆ ಸುತ್ತಿ ಇಡುತ್ತಾರೆ. ನೋಡಲು ಮುದ್ದಾಗಿರುತ್ತದೆ. ಆದರೆ ಅದು ಅಧಿಕಾರಿಗಳು ನೋಡಲು ಬರುವ ದಿನದ ಅಲಂಕಾರ. ಫಿರಂಗಿ ಹಾರಿಸಲು ತಯಾರಾಗಿ ನಿಂತ ಹಡಗಿನಲ್ಲಿ ಹಗ್ಗ ಸಲೀಸಾಗಿ ಓಡುವ ಹಾಗೆ ಸಡಿಲವಾಗಿ ಬಿದ್ದಿರುತ್ತದೆ. ನಾನು ಹತ್ತು ಸೆಂ.ಮೀ. ಬಿಟ್ಟು, ಗಾಡಿಯ ಹಿಂದೆ ಎರಡು ಮೂರು ಅಡ್ಡಾದಿಡ್ಡಿ ಸುತ್ತಾಗಿ ಫೆವಿಕಾಲ್ ನೀರಿನಲ್ಲಿ ಕೂರಿಸುತ್ತೇನೆ. ಸಿಂಬಿಯೇ ಇಷ್ಟವಾದರೆ ಮಾಡಿ, ತಪ್ಪೇನಿಲ್ಲ. ಅಂಟುವ ಬದಿ ಮೇಲಾಗಿ ಒಂದು ಟೇಪ್ ಹಾಸಿ, ನಡುವೆ ಸೂಜಿ ಚುಚ್ಚಿ, ಅದರ ಸುತ್ತ ಸುತ್ತಿದರೆ ಸುಲಭವಾಗಿ ಬರುತ್ತದೆ. ಹನ್ನೆರಡು ಫಿರಂಗಿಯ ಹಿಂದೆ ಹನ್ನೆರಡು ಜೊತೆ ಒಂದೇ ಅಳತೆಯ ಸಿಂಬಿ ಬಂದರೆ ಮಾತ್ರ ಹಡಗು ಅಂಗಡಿಯ ಶೋಕೇಸ್ ಹಾಗೆ ಕಾಣುತ್ತದೆ, ಅಷ್ಟೇ.

ಹಿಂದಕ್ಕೆ ಎಳೆಯುವ ಮೂರನೆಯ ಟ್ಯಾಕಲ್ ಒಂದಿದೆ. ಗುಂಡು ತುಂಬುವಾಗ ಹಡಗು ಓಲಾಡಿ ಫಿರಂಗಿ ತಾನಾಗಿ ಮುಂದಕ್ಕೆ ಉರುಳದ ಹಾಗೆ ಹಿಡಿಯುವುದು ಅದರ ಕೆಲಸ. ಬೇಕಾದಾಗ ಸಿಕ್ಕಿಸಿ, ಬೇಡವಾದಾಗ ತೆಗೆಯಬಹುದು. ನಿಮ್ಮ ಹಡಗಿನಲ್ಲಿ ಅದನ್ನು ಹಾಕದೆ, ಡೆಕ್ ಮೇಲಿನ ಉಂಗುರ ಮಾತ್ರ ಇಡಿ. ಹಾಕಿದರೆ ಡೆಕ್ಕಿನ ನಡುವೆ ನಡೆಯಲು ಜಾಗವೇ ಇಲ್ಲದ ಹಾಗೆ ಕಾಣುತ್ತದೆ.

ಕೊನೆಯದಾಗಿ, ಮೇಲಿನ ಡೆಕ್ಕಿನ ತೊಲೆ ಕೂರಿಸಿಬಿಟ್ಟಿದ್ದೀರಾ? ಇಲ್ಲ ಅಂತ ಹಾರೈಸುತ್ತೇನೆ. ಹಿಂಬದಿಯ, ಅಂದರೆ ಮುಚ್ಚಿಹೋಗುವ ಫಿರಂಗಿಗಳಿಂದ ಶುರು ಮಾಡಿ. ಕೈ ಪಳಗುವ ಹೊತ್ತಿಗೆ ನಡುವಿನ ಬಯಲಿಗೆ ಬಂದಿರುತ್ತೀರಿ. ಈಗ ಕಟ್ಟಿರುವ ಎರಡನ್ನು ಬಿಚ್ಚಿ ಹಾಳು ಮಾಡಿಕೊಳ್ಳಬೇಡಿ. 1.5 ಮಿ.ಮೀ. ಹಗ್ಗವನ್ನು ಮಾತ್ರ ಕತ್ತರಿಸಿ ತೆಗೆದು 0.75 ಹಾಕಿ, ಹಡಗಿನ ಹಿಂಬದಿಯ ಕೊನೆಯ ಕಿಂಡಿಗಳ ಹತ್ತಿರ ನಿಲ್ಲಿಸಿ. ಅಲ್ಲಿ ಎಂಥ ಟಾರ್ಚ್ ಹಾಕಿದರೂ 5 ಮಿ.ಮೀ. ರಾಟೆ ಯಾರಿಗೂ ಕಾಣುವುದಿಲ್ಲ.